ಹ್ಯಾರಿಯೆಟ್ ಪವರ್ಸಳ ಎರಡು ಕೌದಿಗಳು

ಚಳಿಯ ರಾತ್ರಿ ಹೊದೆಯುವ ಕೌದಿಯನ್ನು ಚರಿತ್ರೆಯ ಆಕರವೆಂದು ಎಣಿಸುವ ವಾಡಿಕೆ ನಮ್ಮಲ್ಲಿ ಇಲ್ಲ. ಶಿಲಾಶಾಸನ, ತಾಮ್ರಪಟ, ಓಲೆಗರಿ, ಕಡತ ಇವನ್ನು ನಾವು ಬಲ್ಲೆವು. ಇವುಗಳಲ್ಲಿ ಅಕ್ಷರವಿದೆ, ಅಕ್ಷರದ ಹಿಂದೆ ಅರಸನೋ ಅಧಿಕಾರಿಯೋ ಇದ್ದಾನೆ. ಕೌದಿಯಾದರೋ ಹಳೆಯ ಸೀರೆಯ ಸೆರಗು, ಹರಿದ ಧೋತರದ ಅಂಚು, ಮಗುವಿನ ಅಂಗಿಯ ತೋಳು ಇವನ್ನೆಲ್ಲ ಕೂಡಿಸಿ ಮನೆಯ ಮುದುಕಿಯು ಮಧ್ಯಾಹ್ನದ ಬಿಡುವಿನಲ್ಲಿ ಹೊಲಿಯುವ ವಸ್ತು. ಜೀರ್ಣವಾಗುವವರೆಗೆ ಅದನ್ನು ಹೊದೆಯುತ್ತೇವೆ. ಜೀರ್ಣವಾದಮೇಲೆ ಬಂಡಿಯಲ್ಲಿ ಹಾಸುತ್ತೇವೆ. ಆಮೇಲೆ ಅದೇನಾಯಿತೆಂದು ಯಾರೂ ಕೇಳುವುದಿಲ್ಲ. ಈ ದಿನ ನಾವು ಶ್ರೋತೃಗಳ ಮುಂದೆ ಇಡಬೇಕೆಂದಿರುವುದು, ಹಾಗೆ ಕಾಣೆಯಾಗದೆ ಉಳಿದುಕೊಂಡ ಎರಡು ಕೌದಿಗಳ ವೃತ್ತಾಂತವನ್ನು ಮತ್ತು ಅವನ್ನು ಹೊಲಿದ ಒಬ್ಬ ದೈವಭಕ್ತೆಯ ಚರಿತ್ರೆಯನ್ನು.

ಹ್ಯಾರಿಯೆಟ್ ಪವರ್ಸ್ ಎಂಬುದು ಆಕೆಯ ಹೆಸರು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ದಕ್ಷಿಣಕ್ಕೆ ಸೇರಿದ ಜಾರ್ಜಿಯಾ ಸಂಸ್ಥಾನದಲ್ಲಿ ಅಥೆನ್ಸ್ ಎಂಬ ಊರಿದೆ. ವಿದ್ಯಾಪೀಠವನ್ನು ಸ್ಥಾಪಿಸಿದ ಊರೆಂಬ ಹೆಮ್ಮೆಯಿಂದ, ಪ್ಲೇಟೋ ಮಹಾಶಯನ ನಗರದ ಹೆಸರನ್ನು ಅಲ್ಲಿನವರು ತಮ್ಮ ಊರಿಗೆ ಇಟ್ಟುಕೊಂಡರು. ಆ ವಿದ್ಯಾನಗರದ ಸಮೀಪದಲ್ಲಿ 1837ನೆಯ ಇಸವಿ ಅಕ್ಟೋಬರ್ 29ರಂದು ಹ್ಯಾರಿಯೆಟ್ ಹುಟ್ಟಿದಳು. ಹುಟ್ಟಿದ್ದು ಗುಲಾಮಳಾಗಿ. ಆಕೆ ಹುಟ್ಟುವುದಕ್ಕೆ ಎಂಟು ವರ್ಷಗಳ ಹಿಂದೆಯೇ, 1829ರಲ್ಲಿ, ಗುಲಾಮರಿಗೆ ಓದುಬರಹ ಕಲಿಸುವುದು ಅಪರಾಧವೆಂದು ಆ ಸಂಸ್ಥಾನದ ಶಾಸನಸಭೆಯು ಕಾನೂನು ಮಾಡಿತ್ತು. ಕಲಿಸಿದವನು ಬಿಳಿಯನಾದರೆ ದಂಡ ಮತ್ತು ಸೆರೆ. ಕರಿಯನಾದರೆ ದಂಡ ಮತ್ತು ಚಾಟಿಯೇಟು. ವಿದ್ಯೆಯ ಹೆಸರು ಹೊತ್ತ ಊರಿನ ಸುತ್ತಮುತ್ತ ಅಕ್ಷರವೇ ಕಳ್ಳಮಾಲಾಗಿದ್ದ ಕಾಲ ಅದು. ಈ ಸಂಗತಿಯನ್ನು ಶ್ರೋತೃಗಳು ಮರೆಯಬಾರದೆಂದು ಕೋರುತ್ತೇವೆ. ನಮ್ಮ ಕಥೆಯು ಕೊನೆಯಲ್ಲಿ ಮತ್ತೆ ಇಲ್ಲಿಗೇ ಬರಬೇಕಾಗಿದೆ.

ಆಕೆಯ ಬಾಳಿನ ನಡುಭಾಗವನ್ನು ಬೇಗನೆ ಹೇಳಿಬಿಡಬಹುದು. 1855ರಲ್ಲಿ ಆರ್ಮ್‌ಸ್ಟೆಡ್ ಪವರ್ಸ್ ಎಂಬವನನ್ನು ಮದುವೆಯಾದಳು. ಕಡಮೆಯೆಂದರೆ ಒಂಬತ್ತು ಮಕ್ಕಳನ್ನು ಹೆತ್ತಳು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತದ್ದರಿಂದ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಕಂಡರಿಯದ ಬೆಲೆ ಬಂದದ್ದು ಇದೇ ಯುದ್ಧದ ಕಾಲದಲ್ಲಿ; ಅಲ್ಲಿ ಆ ಹತ್ತಿಯನ್ನು ಬಿಡಿಸುತ್ತಿದ್ದ ಕೈಗಳಿಗೆ ಬಿಡುಗಡೆಯಾದದ್ದೂ ಇದೇ ಯುದ್ಧದಿಂದ. ಬಿಡುಗಡೆಯಾದಮೇಲೆ ಗಂಡಹೆಂಡಿರು ದುಡಿದು ನಾಲ್ಕು ಎಕರೆಯ ಒಂದು ಸಣ್ಣ ಜಮೀನನ್ನು ಸಂಪಾದಿಸಿಕೊಂಡರು. ಗುಲಾಮರಾಗಿ ಹುಟ್ಟಿದವರು ಸ್ವಂತ ಭೂಮಿಯಲ್ಲಿ ನಿಲ್ಲುವುದೆಂದರೆ ಅದು ಸಣ್ಣ ಮಾತಲ್ಲ.

1882ರಲ್ಲಿ ಹ್ಯಾರಿಯೆಟ್ ಮೌಂಟ್ ಜಯನ್ ಎಂಬ ಬ್ಯಾಪ್ಟಿಸ್ಟ್ ಸಭೆಯನ್ನು ಸೇರಿದಳು. ಅಲ್ಲಿಯ ಕರಿಯ ಜನರ ಪಾಲಿಗೆ ಚರ್ಚು ಭಾನುವಾರದ ಪ್ರಾರ್ಥನೆಯ ಮನೆ ಮಾತ್ರವಾಗಿರಲಿಲ್ಲ. ಅವರು ತಾವೇ ಕಟ್ಟಿ, ತಾವೇ ಹಿರಿಯರನ್ನು ಆರಿಸಿ, ತಾವೇ ನಡಸಿಕೊಂಡು ಬಂದ ಮೊದಲ ಸಂಸ್ಥೆ ಅದು. ಬೋಧಕನು ಆದಾಮನ ಕಥೆಯನ್ನೋ ಯೋಬನ ಕಷ್ಟವನ್ನೋ ಎತ್ತಿಕೊಂಡನೆಂದರೆ, ಕೇಳುವವರಿಗೆ ಅದು ಯೆಹೂದ್ಯರ ಪುರಾತನ ವೃತ್ತಾಂತವಾಗಿ ತೋರುತ್ತಿರಲಿಲ್ಲ. ನಿನ್ನೆ ಮೊನ್ನೆ ತಮ್ಮ ಕೇರಿಯಲ್ಲಿ ನಡೆದದ್ದಾಗಿ ತೋರುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಗಮಕಿಯ ಭಾರತವಾಚನವನ್ನು ಕೇಳಿದ ಮುದುಕಿಯರು ದ್ರೌಪದಿಯನ್ನು ನೆರೆಮನೆಯ ಸೊಸೆಯಂತೆ ಮಾತಾಡಿಸುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ.

1886ರಲ್ಲಿ ಅಥೆನ್ಸಿನಲ್ಲಿ ಹತ್ತಿಯ ಜಾತ್ರೆಯೊಂದು ನಡೆಯಿತು. ಆ ವಸ್ತುಪ್ರದರ್ಶನದ ಒಂದು ಮೂಲೆಯಲ್ಲಿ ಒಂದು ಕೌದಿಯನ್ನು ತೂಗುಹಾಕಿದ್ದರು. ಊರಿನ ಹೆಣ್ಣುಮಕ್ಕಳ ವಿದ್ಯಾಶಾಲೆಯಾದ ಲೂಸಿ ಕಾಬ್ ಇನ್‌ಸ್ಟಿಟ್ಯೂಟಿನಲ್ಲಿ ಚಿತ್ರಕಲೆಯನ್ನು ಕಲಿಸುತ್ತಿದ್ದ ಜೆನ್ನಿ ಸ್ಮಿತ್ ಎಂಬ ಬಿಳಿಯ ಉಪಾಧ್ಯಾಯಿನಿಯ ಕಣ್ಣು ಅದರ ಮೇಲೆ ಬಿತ್ತು. ಈಕೆ ಪ್ಯಾರಿಸ್ ನಗರದಲ್ಲಿಯೂ ಚಿತ್ರಾಭ್ಯಾಸ ಮಾಡಿದ್ದವಳು, ನೋಡಬಲ್ಲವಳು. ಅವಳು ಕೌದಿಯ ಒಡತಿಯನ್ನು ಹುಡುಕಿಕೊಂಡು ಹೋಗಿ ಬೆಲೆ ಕೇಳಿದಳು. ಯಾವ ಬೆಲೆಗೂ ಕೊಡುವುದಿಲ್ಲವೆಂದು ಹ್ಯಾರಿಯೆಟ್ ಹೇಳಿ ಕಳುಹಿಸಿದಳು.

ಆ ಕೌದಿಯಲ್ಲಿ ಏನಿತ್ತೆಂಬುದನ್ನು ಸ್ವಲ್ಪ ಸಾವಕಾಶವಾಗಿ ನೋಡೋಣ. ಸುಮಾರು ಏಳೂವರೆ ಅಡಿ ಉದ್ದ, ಆರು ಅಡಿಗೆ ಮೇಲ್ಪಟ್ಟ ಅಗಲ. ಅದರಲ್ಲಿ 11 ಅಂಕಣಗಳು. ಬೇರೆಬೇರೆ ಬಣ್ಣದ ಬಟ್ಟೆಯಲ್ಲಿ ಮನುಷ್ಯರ, ಪಶುಪಕ್ಷಿಗಳ, ನಕ್ಷತ್ರಗಳ ಆಕಾರಗಳನ್ನು ಕತ್ತರಿಸಿ, ನೆಲದ ಬಟ್ಟೆಯ ಮೇಲಿಟ್ಟು ಅಂಚು ಹೊಲಿದ ಕೆಲಸ. ಕೈಹೊಲಿಗೆಯೂ ಉಂಟು, ಯಂತ್ರದ ಹೊಲಿಗೆಯೂ ಉಂಟು. ಮೊದಲು ಏದೆನ್ ತೋಟ: ಆದಾಮ, ಹವ್ವ, ಸರ್ಪ, ಸುತ್ತಲೂ ಆನೆ, ಒಂಟೆ, ಉಷ್ಟ್ರಪಕ್ಷಿ, ಲಿವ್ಯಾತಾನ್ ಎಂಬ ಜಲಜಂತು. ಮುಂದೆ ಏಳು ನಕ್ಷತ್ರಗಳ ನಡುವೆ ಸೈತಾನ. ಆಮೇಲೆ ಕಾಯಿನನು ತಮ್ಮನಾದ ಹೇಬೆಲನನ್ನು ಕೊಲ್ಲುವುದು. ಹರಿದ ರಕ್ತವು ಭೂಮಿಯ ಮೇಲೆ ಕಾಲುವೆಯಾಗಿರುವುದು. ಆ ಕಾಯಿನನು ಹೆಣ್ಣನ್ನು ಅರಸಿಕೊಂಡು ನೋದು ದೇಶಕ್ಕೆ ಹೋಗುವ ಅಂಕಣದಲ್ಲಿ ಕರಡಿ, ಚಿರತೆಗಳ ಮಧ್ಯೆ ಕಿತ್ತಳೆಬಣ್ಣದ ಚೀಟಿಬಟ್ಟೆಯ ಒಂದು ಸಿಂಹ. ಅದರ ಕೆಳದುಟಿಯಿಂದ ಒಂದೇ ಒಂದು ಬಿಳಿಯ ಹಲ್ಲು ಹೊರಚಾಚಿದೆ. ಯಾಕೋಬನ ಸ್ವಪ್ನ, ಯೇಸುವಿನ ದೀಕ್ಷಾಸ್ನಾನ, ಕಡೆಯ ರಾತ್ರಿಯ ಭೋಜನ, ಮೂವತ್ತು ಬೆಳ್ಳಿಯ ನಾಣ್ಯಗಳೊಡನೆ ಯೂದ ಇಸ್ಕರಿಯೋತ, ಶಿಲುಬೆ, ಕೊನೆಯಲ್ಲಿ ತಾಯಿತಂದೆಯರೊಡನೆ ಯೇಸುಕೂಸು.

ಇದು ಕಂಡದ್ದನ್ನು ಕಂಡಂತೆ ಅಂಟಿಸಿದ ಅಲಂಕಾರವಲ್ಲವೆಂಬುದಕ್ಕೆ ಒಂದು ನಿದರ್ಶನ ಸಾಕು. ಆ ಏದೆನ್ ತೋಟದಲ್ಲಿ ಇಷ್ಟೊಂದು ಪ್ರಾಣಿಗಳಿದ್ದರೂ, ಪಾದಗಳನ್ನು ಹೊಲಿದಿರುವುದು ಒಂದೇ ಒಂದಕ್ಕೆ, ಅದು ಸರ್ಪ! ಜೆನ್ನಿ ಸ್ಮಿತ್ ಇದನ್ನು ಕಂಡು ನಕ್ಕಂತೆ ಬರೆದಿಟ್ಟಿದ್ದಾಳೆ. ನಮಗಾದರೋ ನಗು ಬರುವುದಿಲ್ಲ. ಆದಿಕಾಂಡದಲ್ಲಿ ದೇವರು ಸರ್ಪವನ್ನು ಶಪಿಸಿ, ಇನ್ನು ಮುಂದೆ ಹೊಟ್ಟೆಯಿಂದ ಹರಿದಾಡೆಂದು ವಿಧಿಸುತ್ತಾನೆ. ಶಾಪವು ಹಾಗಿದ್ದಮೇಲೆ ಶಾಪಕ್ಕೆ ಮೊದಲು ಅದು ನಡೆಯುತ್ತಿದ್ದಿರಬೇಕು, ನಡೆಯುತ್ತಿದ್ದರೆ ಪಾದವಿರಬೇಕು. ಸತ್ಯವೇದವನ್ನು ಕುರಿತು ಗ್ರಂಥ ಬರೆದ ಪಂಡಿತರು ಇದೇ ತರ್ಕವನ್ನು ಮಾಡಿದ್ದುಂಟು. ಹ್ಯಾರಿಯೆಟ್ ಅದನ್ನು ಕತ್ತರಿಯಿಂದ ಮಾಡಿದಳು. ಇದು ವ್ಯಾಖ್ಯಾನ, ನಮ್ಮ ದೇಶದ ಮಾತಿನಲ್ಲಿ ಹೇಳುವುದಾದರೆ ಟೀಕು.

ನಾಲ್ಕೈದು ವರ್ಷ ಕಳೆಯಿತು. ಹತ್ತಿಯ ಬೆಲೆ ಇಳಿದಿತ್ತು. ಸಣ್ಣ ಒಕ್ಕಲುಗಳಿಗೆ ಸಾಲದ ಹೊರೆ ಏರಿತ್ತು. 1890ರ ಸುಮಾರಿನಲ್ಲಿ, ಕೌದಿಯನ್ನು ಮಾರಲು ಸಿದ್ಧವೆಂದು ಹ್ಯಾರಿಯೆಟ್ ಹೇಳಿಕಳುಹಿಸಿದಳು. ಆಗ ಉಪಾಧ್ಯಾಯಿನಿಯ ಕೈಯಲ್ಲಿ ಹಣವಿರಲಿಲ್ಲ. ಮರುವರ್ಷ ಅವಳೇ, ಈಗ ಕೊಳ್ಳಬಲ್ಲೆನೆಂದು ಸುದ್ದಿ ಕಳುಹಿಸಿದಳು. ಹ್ಯಾರಿಯೆಟ್ ಎತ್ತಿನ ಬಂಡಿಯಲ್ಲಿ ಬಂದಳು. ಕೌದಿಯನ್ನು ಹಿಟ್ಟಿನ ಒಂದು ಶುಭ್ರವಾದ ಚೀಲದಲ್ಲಿ ಸುತ್ತಿ, ಆ ಚೀಲವನ್ನು ಮತ್ತೆ ಗೋಣಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಹತ್ತು ಡಾಲರ್ ಕೇಳಿದಳು. ಐದಕ್ಕಿಂತ ಹೆಚ್ಚು ಕೊಡಲಾರೆನೆಂದು ಇವಳೆಂದಳು. ಹ್ಯಾರಿಯೆಟ್ ಹೊರಗೆ ಹೋಗಿ ಬಂಡಿಯಲ್ಲಿ ಕುಳಿತಿದ್ದ ಗಂಡನೊಡನೆ ಆಲೋಚಿಸಿದಳು. ಕಾಲ ಕೆಟ್ಟಿದೆ, ಸಿಕ್ಕಿದ್ದನ್ನು ತೆಗೆದುಕೊಳ್ಳುವುದೇ ಲೇಸೆಂದು ಆತನು ಹೇಳಿದನಂತೆ. ಒಳಗೆ ಬಂದು ಐದು ಡಾಲರಿಗೆ ಕೊಟ್ಟಳು. ಅಂದಿನ ವಿನಿಮಯದಲ್ಲಿ ಅದು ನಮ್ಮ ಸುಮಾರು 15 ರೂಪಾಯಿ.

ಕೊಟ್ಟವಳು ಕೂಡಲೆ ಎದ್ದು ಹೋಗಲಿಲ್ಲ. ಒಂದೊಂದು ಅಂಕಣವನ್ನೂ ಬೆರಳಿಟ್ಟು ತೋರಿಸಿ ಇದು ಇಂಥದು, ಇವನು ಇಂಥವನು ಎಂದು ವಿವರಿಸಿದಳು. ಜೆನ್ನಿ ಸ್ಮಿತ್ ಅದನ್ನು ಬರೆದುಕೊಂಡಳು. ಆಮೇಲೆಯೂ ಹ್ಯಾರಿಯೆಟ್ ಹಲವು ಸಲ ಆ ಮನೆಗೆ ಬಂದು, ಕೌದಿಯನ್ನು ತೆಗೆಯಿಸಿ ನೋಡಿಕೊಂಡು ಹೋದಳು. ಉಪಾಧ್ಯಾಯಿನಿಯು ತನ್ನಲ್ಲಿ ಉಳಿದ ತುಂಡುಬಟ್ಟೆಗಳನ್ನು ಆಕೆಗೆ ಕೊಡುವುದಾಗಿ ಮಾತು ಕೊಟ್ಟಿದ್ದಳು; ಅದರಿಂದ ಆಕೆಗೆ ಸ್ವಲ್ಪ ಸಮಾಧಾನವಾಯಿತೆಂದು ಬರೆದಿದ್ದಾಳೆ. ಮಗಳನ್ನು ದೂರದ ಊರಿಗೆ ಕೊಟ್ಟ ತಾಯಿ, ಏನೋ ಒಂದು ನೆಪ ಮಾಡಿಕೊಂಡು ಬೀಗರ ಮನೆಗೆ ಬಂದು ಹೋಗುವುದನ್ನು ನಾವು ಕಂಡಿದ್ದೇವೆ. ಇಲ್ಲಿಯದು ಅದಕ್ಕಿಂತ ಕಠಿಣ. ಮಗಳನ್ನು ಮಾರಿದ ಮನೆ ಇದು.

ಜೆನ್ನಿ ಸ್ಮಿತ್ತಳ ವಿಷಯದಲ್ಲಿ ಏನು ಹೇಳಬೇಕು? ಅವಳು ಬೆಲೆಯನ್ನು ಅರ್ಧ ಮಾಡಿದಳು. ಹ್ಯಾರಿಯೆಟ್ಟಳ ಮಾತುಗಳನ್ನು ಅಕ್ಷರವರಿಯದವರ ಕೊಚ್ಚೆಮಾತಿನ ಧಾಟಿಯಲ್ಲಿ, ಆ ಕಾಲದ ಬಿಳಿಯರ ಪದ್ಧತಿಯಂತೆ, ಕೊಂಚ ಹಾಸ್ಯದ ಬಣ್ಣವಿಟ್ಟು ಬರೆದಳು. ಆದರೆ ಅವಳು ಬರೆಯದೆ ಇದ್ದಿದ್ದರೆ, ಆ ಅಂಕಣಗಳ ಅರ್ಥವನ್ನು ನಾವು ಇಂದು ಊಹಿಸುತ್ತ ಕೂರಬೇಕಾಗುತ್ತಿತ್ತು. ಆ ಕೌದಿಯನ್ನು ತಾನು ಬದುಕಿರುವವರೆಗೆ, ಐವತ್ತು ವರ್ಷಗಳಿಗೆ ಮೇಲೆ, ಜೋಪಾನ ಮಾಡಿದವಳೂ ಅವಳೇ. ಒಬ್ಬಳೇ ವ್ಯಕ್ತಿಯಲ್ಲಿ ಈ ಎರಡೂ ಇರುವುದನ್ನು ಒಪ್ಪಿಕೊಂಡು ಮುಂದೆ ಹೋಗುವುದೇ ಚರಿತ್ರೆಯನ್ನು ಬರೆಯುವವರಿಗೆ ಉಚಿತವೆಂದು ನಮ್ಮ ಅಭಿಪ್ರಾಯ.

1895ರಲ್ಲಿ ಅಟ್ಲಾಂಟಾ ನಗರದಲ್ಲಿ ಹತ್ತಿಯ ಸಂಸ್ಥಾನಗಳ ಮಹಾಪ್ರದರ್ಶನವು ನಡೆಯಿತು. ಜೆನ್ನಿ ಸ್ಮಿತ್ತಳ ಮೂಲಕ ಈ ಕೌದಿಯ ಸುದ್ದಿ ಅಲ್ಲಿಗೂ ಮುಟ್ಟಿತು. ಅದರಿಂದಲೇ ಎರಡನೆಯ ಕೌದಿ ಹುಟ್ಟಿತು. ಅಟ್ಲಾಂಟಾ ವಿಶ್ವವಿದ್ಯಾಲಯದ ಅಧ್ಯಾಪಕರ ಪತ್ನಿಯರು ಅದನ್ನು ಹೇಳಿ ಮಾಡಿಸಿದರೆಂದು ಪ್ರತೀತಿ. 1898ರಲ್ಲಿ ಅದು ಚಾರ್ಲ್ಸ್ ಕತ್‌ಬರ್ಟ್ ಹಾಲ್ ಎಂಬ ಪಾದ್ರಿಗಳಿಗೆ ಕಾಣಿಕೆಯಾಗಿ ಸಂದಿತು. ಈ ಹಾಲ್ ಮಹಾಶಯರು 1902-03ರಲ್ಲಿ ಬ್ಯಾರೋಸ್ ಉಪನ್ಯಾಸಗಳನ್ನು ಕೊಡಲು ಇಂಡಿಯಾ ದೇಶಕ್ಕೆ ಬಂದಿದ್ದರು. ನಮ್ಮ ದೇಶದ ವಿದ್ಯಾವಂತರ ಮುಂದೆ ಕ್ರೈಸ್ತಧರ್ಮದ ಅನುಭವವನ್ನು ಕುರಿತು ವಿದ್ವತ್ತಿನಿಂದ ಅವರು ಮಾತನಾಡುತ್ತಿದ್ದಾಗ, ಅದೇ ಅನುಭವವನ್ನು ಸೂಜಿಯಿಂದ ಹೇಳಿದ ಈ ಬಟ್ಟೆಯೂ ಅವರ ಒಡೆತನದಲ್ಲಿಯೇ ಇತ್ತು.

ಎರಡನೆಯ ಕೌದಿ ಸುಮಾರು ಎಂಟೂಮುಕ್ಕಾಲು ಅಡಿ ಉದ್ದ, 15 ಅಂಕಣಗಳು. ಇದರಲ್ಲಿಯೂ ಆದಾಮ ಹವ್ವರಿದ್ದಾರೆ. ಮೋಶೆಯು ಎತ್ತಿ ನಿಲ್ಲಿಸಿದ ತಾಮ್ರದ ಸರ್ಪವಿದೆ, ಮೀನಿನ ಬಾಯಿಯಲ್ಲಿ ಯೋನನಿದ್ದಾನೆ, ತನ್ನ ಶತ್ರುಗಳಿಗಾಗಿ ಪ್ರಾರ್ಥಿಸುವ ಯೋಬನಿದ್ದಾನೆ. ಆದರೆ ಇವುಗಳ ಮಗ್ಗುಲಲ್ಲಿಯೇ, ಅದೇ ಅಳತೆಯ ಅಂಕಣಗಳಲ್ಲಿ, ಸತ್ಯವೇದದಲ್ಲಿಲ್ಲದ ಸಂಗತಿಗಳು ಬಂದು ಕುಳಿತಿವೆ. 1780ನೆಯ ಇಸವಿ ಮೇ 19ರಂದು ಅಮೆರಿಕದ ಈಶಾನ್ಯ ಸೀಮೆಯಲ್ಲಿ ಹಗಲೇ ಕತ್ತಲಾದದ್ದು ಒಂದು. ಕಾಡ್ಗಿಚ್ಚಿನ ಹೊಗೆಯಿಂದ ಹಾಗಾಯಿತೆಂದು ಈಗ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. 1833ನೆಯ ನವೆಂಬರ್ 13ರಂದು ಉಲ್ಕೆಗಳು ಮಳೆಯಂತೆ ಸುರಿದದ್ದು ಇನ್ನೊಂದು. ಅದು ಸುಮಾರು ಮೂವತ್ತಮೂರು ವರ್ಷಕ್ಕೊಮ್ಮೆ ಮರಳುವ ಧೂಮಕೇತುವಿನ ಧೂಳಿನ ಫಲ. ಲೋಕದ ಕಡೆಯ ದಿನ ಬಂತೆಂದು ಜನರು ನಡುಗಿದರೆಂದೂ, ದೇವರ ಕೈ ನಕ್ಷತ್ರಗಳನ್ನು ತಡೆದು ನಿಲ್ಲಿಸಿತೆಂದೂ ಹ್ಯಾರಿಯೆಟ್ ವಿವರಿಸಿದಳು. ಈ ಎರಡೂ ಆಕೆ ಹುಟ್ಟುವುದಕ್ಕೆ ಮೊದಲು ನಡೆದವು. ಇಸವಿ, ತಿಂಗಳು, ತಾರೀಖುಗಳೊಡನೆ ಅವು ಆಕೆಗೆ ಬಂದದ್ದು ಹಿರಿಯರ ಬಾಯಿಂದ ಎಂದು ತೋರುತ್ತದೆ. ನಮ್ಮ ಹಿರಿಯರು ತಮ್ಮ ಹುಟ್ಟಿದ ವರ್ಷವನ್ನು ಹೇಳುವಾಗ ಧಾತು ಸಂವತ್ಸರದ ಕ್ಷಾಮಕ್ಕೆ ಹಿಂದೆ ಎಷ್ಟು, ಮುಂದೆ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದದ್ದೂ ಇಂಥದೇ ಪಂಚಾಂಗ.

ಮೂರನೆಯದು, 1895ನೆಯ ಫೆಬ್ರವರಿ 10ರ 'ಚಳಿಯ ಗುರುವಾರ'. ಇಲ್ಲಿ ನಾವು ಸ್ವಲ್ಪ ತಕರಾರು ತೆಗೆಯಬೇಕಾಗಿದೆ: ಗಣಿತದ ಪ್ರಕಾರ ಆ ಹತ್ತನೆಯ ತಾರೀಖು ಭಾನುವಾರ. ಅದೇ ವಾರದ ಗುರುವಾರವು 7ನೆಯ ತಾರೀಖು; ಆ ಗುರುವಾರ ಶುಕ್ರವಾರಗಳಲ್ಲಿಯೇ ಘೋರವಾದ ಶೀತವು ಬಿದ್ದು ಪಕ್ಕದ ಫ್ಲಾರಿಡಾ ಸಂಸ್ಥಾನದ ಕಿತ್ತಳೆ ತೋಟಗಳು ನಾಶವಾದವು. ತಾರೀಖು ತಪ್ಪಿರಬಹುದು, ವಾರ ತಪ್ಪಿಲ್ಲ. ಜನರ ನೆನಪು ವಾರವನ್ನು ಹಿಡಿಯುತ್ತದೆ. ಈ ಅಂಕಣದಲ್ಲಿ ಒಬ್ಬಳು ಪ್ರಾರ್ಥಿಸುತ್ತಿದ್ದಂತೆಯೇ ಹೆಪ್ಪುಗಟ್ಟಿ ಸತ್ತಿದ್ದಾಳೆ. ಒಬ್ಬಳು ಬಾಗಿಲ ಬಳಿ. ಒಬ್ಬನು ಹಿಟ್ಟಿನ ಚೀಲದೊಡನೆ. ಒಬ್ಬನು ಹೆಂಡದ ಕುಡಿಕೆಯ ಪಕ್ಕದಲ್ಲಿ. ಹೇಸರಗತ್ತೆಯ ಉಸಿರು ಕೂಡ ಹಿಮದ ಕಡ್ಡಿಯಾಗಿದೆ. ಕುಡುಕನು ಸತ್ತದ್ದನ್ನು ತೋರಿಸಿ ನೀತಿ ಹೇಳುವುದು ಸುಲಭ. ಪ್ರಾರ್ಥಿಸುತ್ತಿದ್ದವಳೂ ಅದೇ ಚಳಿಯಲ್ಲಿ ಸತ್ತಳೆಂದು, ಅಷ್ಟೇ ಸ್ಪಷ್ಟವಾಗಿ, ಅದೇ ಚೌಕದಲ್ಲಿ ಹೊಲಿಯುವುದು ಸುಲಭವಲ್ಲ. ಅದೇ ಕೌದಿಯಲ್ಲಿ ಯೋಬನಿಗೂ ಜಾಗವಿಟ್ಟವಳ ಭಕ್ತಿಯು ಬರಿಯ ಭಜನೆಯ ಭಕ್ತಿಯಲ್ಲವೆಂದು ನಮಗೆ ತೋರುವುದು ಇಲ್ಲಿ.

ದೇವರ ವಿಷಯವನ್ನು ಕಲಿಸದೆ ಬೆಳೆಸಿದ ಇಬ್ಬರು ಶ್ರೀಮಂತರ ಗತಿಯನ್ನು ತೋರಿಸುವ ಅಂಕಣದಲ್ಲಿ ಒಂದು ಹೆಣ್ಣುಹಂದಿಯೂ ಇದೆ. ಅದರ ಹೆಸರು ಬೆಟ್ಸ್. ಜಾರ್ಜಿಯಾದಿಂದ ವರ್ಜೀನಿಯಾಕ್ಕೆ 500 ಮೈಲಿ ಓಡಿಹೋದ ಸ್ವತಂತ್ರ ಪ್ರಾಣಿ. ಗುಲಾಮರು ಉತ್ತರದ ದಿಕ್ಕಿಗೆ ತಪ್ಪಿಸಿಕೊಂಡು ಓಡಿದ್ದರ ಸಂಕೇತವಿದೆಂದು ವಿಮರ್ಶಕರು ಹೇಳುತ್ತಾರೆ. ಇರಬಹುದು, ವರ್ಜೀನಿಯಾ ಉತ್ತರಕ್ಕಿರುವುದು ನಿಜ. ಆದರೂ, ಒಂದು ಹಂದಿ ನಿಜವಾಗಿಯೂ ಓಡಿಹೋಯಿತೆಂದು ಊರವರು ಹೇಳಿಕೊಂಡು ನಕ್ಕಿದ್ದ ಸುದ್ದಿ ಇದಾಗಿರುವುದಕ್ಕೂ ಅಡ್ಡಿಯಿಲ್ಲ. ಒಂದು ಅರ್ಥವು ಇನ್ನೊಂದನ್ನು ಕೆಡಿಸುವುದಿಲ್ಲ.

ಪಶ್ಚಿಮ ಆಫ್ರಿಕದ ದಹೋಮಿ ಸೀಮೆಯಲ್ಲಿ ಬಟ್ಟೆಯ ಮೇಲೆ ಬಟ್ಟೆಯ ಆಕಾರಗಳನ್ನು ಹೊಲಿದು ರಾಜರ ಕಥೆಯನ್ನು ಹೇಳುವ ಪದ್ಧತಿ ಉಂಟು. ಹ್ಯಾರಿಯೆಟ್ಟಳ ಕೆಲಸದಲ್ಲಿ ಅದರ ಹೋಲಿಕೆಯನ್ನು ಕಂಡವರಿದ್ದಾರೆ. ಹೋಲಿಕೆ ಬೇರೆ, ವಂಶಾವಳಿ ಬೇರೆ ಎಂಬ ಎಚ್ಚರ ಮಾತ್ರ ಬೇಕು. ಆಫ್ರಿಕದಿಂದ ಬಂದವರ ಕೌದಿಯನ್ನು ಕಾಣಲು ನಾವು ಅಷ್ಟು ದೂರ ಹೋಗಬೇಕಾದದ್ದೂ ಇಲ್ಲ. ಹಿಂದೆ ಪೋರ್ತುಗೀಸರು ಗೋವೆಗೆ ಗುಲಾಮರನ್ನಾಗಿ ತಂದವರ ಸಂತತಿಯವರಾದ ಸಿದ್ದಿಗಳು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಕಾಡಿನಲ್ಲಿ ನೆಲಸಿದ್ದಾರೆ. ಅವರ ಹೆಂಗಸರು ಹೊಲಿಯುವ ಕವಂದಿಗಳಲ್ಲಿ, ಕ್ರೈಸ್ತರ ಮನೆಯದಾದರೆ, ಶಿಲುಬೆಯ ಆಕಾರವನ್ನೂ ಕಾಣಬಹುದು. ನಾಲ್ಕು ಮೂಲೆಗೂ 'ಫೂಲ' ಎಂಬ ಮಡಿಕೆಯನ್ನು ಇಡದಿದ್ದರೆ ಕವಂದಿಯು ಬೆತ್ತಲೆಯೆಂದು ಅವರ ನಂಬಿಕೆ.

ಹ್ಯಾರಿಯೆಟ್ಟಳ ಕಡೆಯ ದಿನಗಳು ಸುಖದವಾಗಿರಲಿಲ್ಲ. ಜಮೀನು ತುಂಡುತುಂಡಾಗಿ ಕೈಬಿಟ್ಟಿತು. ಗಂಡನು ಬೇರೆಯಾಗಿ ಹೋದನು. ಆಕೆ ಹೊಲಿಗೆಯಿಂದ ಜೀವನ ಮಾಡಿದಳು. 1910ನೆಯ ಜನವರಿ 1ರಂದು ತೀರಿಕೊಂಡಳು. ಮೊದಲನೆಯ ಕೌದಿಯು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯವನ್ನೂ, ಎರಡನೆಯದು ಬಾಸ್ಟನ್ನಿನ ಕಲಾಸಂಗ್ರಹಾಲಯವನ್ನೂ 1960ರ ದಶಕದಲ್ಲಿ ಸೇರಿದವು. ಆಕೆಯ ಸಮಾಧಿ ಎಲ್ಲಿದೆಯೆಂಬುದು ಮಾತ್ರ ಮರೆತೇಹೋಗಿತ್ತು. ಅಥೆನ್ಸಿನ ಗಾಸ್ಪೆಲ್ ಪಿಲ್‌ಗ್ರಿಮ್ ಎಂಬ ಶ್ಮಶಾನದಲ್ಲಿ, ಬೆಳೆದ ಕುರುಚಲಿನ ನಡುವೆ, 2005ರಲ್ಲಿ ಆ ಕಲ್ಲು ಸಿಕ್ಕಿತು.

ಅಷ್ಟು ವರ್ಷವೂ ಆಕೆಯನ್ನು ಕುರಿತು ಬರೆದವರೆಲ್ಲ, ಪಾಪ, ನಿರಕ್ಷರಿ, ಕಿವಿಯಿಂದ ಕೇಳಿದ್ದನ್ನೇ ಹೊಲಿದಳು ಎಂದು ಬರೆದರು. 2009ರಲ್ಲಿ ಕೈರಾ ಹಿಕ್ಸ್ ಎಂಬ ಸಂಶೋಧಕಿಯು ಪ್ರಕಟಿಸಿದ ಗ್ರಂಥದಿಂದ ಈ ಮಾತು ಬುಡಮೇಲಾಯಿತು. ಹ್ಯಾರಿಯೆಟ್ 1896ರಲ್ಲಿ ಅಯೋವಾ ಸಂಸ್ಥಾನದ ಒಬ್ಬ ಮಹಿಳೆಗೆ ಬರೆದ ಪತ್ರದ ಪ್ರತಿ ಆಕೆಗೆ ದೊರೆತಿತ್ತು. ಹನ್ನೊಂದು ವರ್ಷದವಳಾಗಿದ್ದಾಗ ಬಿಳಿಯರ ಮಕ್ಕಳು ಮರದ ಎಲೆಯ ಮೇಲೆ ತನಗೆ ಅಕ್ಷರದ ಧ್ವನಿಗಳನ್ನು ಕಲಿಸಿದರೆಂದೂ, ಆಮೇಲೆ ಭಾನುವಾರಗಳಲ್ಲಿ ತಾನೇ ಅಷ್ಟಷ್ಟು ಕೂಡಿಸಿಕೊಂಡು ಓದಲು ಕಲಿತೆನೆಂದೂ ಅದರಲ್ಲಿದೆ. ಹನ್ನೊಂದು ವರ್ಷವೆಂದರೆ 1848-49. ಕಲಿಸಿದವರಿಗೆ ಸೆರೆ ವಿಧಿಸುವ ಆ ಕಾನೂನು ಜಾರಿಯಲ್ಲಿದ್ದ ಕಾಲ. ಕಲಿಸಿದ ಅಪರಾಧಿಗಳು ಒಡೆಯರ ಮನೆಯ ಮಕ್ಕಳು. ಪಾಠದ ಹಲಗೆ, ಗಾಳಿಗೆ ಹಾರಿಹೋದರೆ ಯಾರಿಗೂ ಗೊತ್ತಾಗದ ಒಂದು ಎಲೆ. ಅದೇ ಪತ್ರದಲ್ಲಿ, 1872ರಲ್ಲಿ ನಾಲ್ಕು ಸಾವಿರಕ್ಕೆ ಮೇಲ್ಪಟ್ಟ ವಜ್ರಾಕೃತಿಯ ತುಂಡುಗಳ ಕೌದಿಯೊಂದನ್ನು ಮಾಡಿದ್ದನ್ನೂ, ಸಭೆಗೆ ಸೇರಿದಮೇಲೆ ಹೊಸ ಒಡಂಬಡಿಕೆಯಿಂದ ಕರ್ತನ ಭೋಜನದ ಕೌದಿಯನ್ನು ರಚಿಸಿದ್ದನ್ನೂ ಲೆಕ್ಕ ಒಪ್ಪಿಸುವವರಂತೆ ಬರೆದಿದ್ದಾಳೆ. ಆ ಕೌದಿಗಳು ಉಳಿದು ಬಂದಿಲ್ಲ. ಸರ್ಪಕ್ಕೆ ಪಾದ ಹೊಲಿದವಳು ಆದಿಕಾಂಡವನ್ನು ತಾನೇ ಓದಬಲ್ಲವಳಾಗಿದ್ದಳು.

2021ನೆಯ ಅಕ್ಟೋಬರಿನಿಂದ 2022ರ ಜನವರಿಯವರೆಗೆ ಬಾಸ್ಟನ್ನಿನ ಸಂಗ್ರಹಾಲಯದಲ್ಲಿ ನಡೆದ ಕೌದಿಗಳ ಪ್ರದರ್ಶನಕ್ಕಾಗಿ ಮೊದಲನೆಯ ಕೌದಿಯನ್ನು ವಾಷಿಂಗ್ಟನ್ನಿನಿಂದ ತರಿಸಿದರು. ಎರಡೂ ಒಂದೇ ಕಡೆ ಜನರ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಬೆಳಕು ಹೆಚ್ಚಾದರೆ ಹಳೆಯ ಬಟ್ಟೆಯ ಬಣ್ಣ ಹಾರಿಹೋಗುತ್ತದೆ. ಆದಕಾರಣ ಇಂಥವನ್ನು ಮಂದಬೆಳಕಿನಲ್ಲಿ ತೂಗುಹಾಕುವುದು, ಕೆಲವು ಕಾಲ ತೋರಿಸಿ ಮತ್ತೆ ಕತ್ತಲೆಯಲ್ಲಿ ಮಡಿಸಿಡುವುದು, ಸಂಗ್ರಹಾಲಯಗಳ ಪದ್ಧತಿ.